ಓದುಗರ ಪ್ರಶ್ನೆ: ಹೂವಿನ ಟೀ, ಯಾವ ಹೂ, ಎಷ್ಟು, ಯಾರಿಗೆ ಬೇಡ?

ಪ್ರಶ್ನೆ: ಬಿಪಿಗೆ ದಾಸವಾಳದ ಟೀ ಒಳ್ಳೆಯದೆಂದು ಓದಿದೆ. ನಮ್ಮ ಕಾಫಿ ತೋಟದ ಬೇಲಿ ತುಂಬ ಕೆಂಪು ದಾಸವಾಳ. ದಿನಕ್ಕೆ ಎಷ್ಟು ಹೂ ಹಾಕಿಕೊಳ್ಳಬಹುದು? ಮಾತ್ರೆ ಬಿಡಬಹುದೇ? (ಮೂಡಿಗೆರೆ)

ಉತ್ತರ: ಮಾತ್ರೆ ಬಿಡಲೇಬೇಡಿ. ಬಿಪಿ ಕುರಿತ ಪರೀಕ್ಷೆಗಳು ಹೆಚ್ಚಾಗಿ ನಡೆದಿರುವುದು ಬೇಲಿ ದಾಸವಾಳದ ಮೇಲಲ್ಲ, ಅದೇ ಕುಲದ ಕೆಂಪು ಪುಂಡಿಯ ಮೇಲೆ. ಅದರಲ್ಲೂ ಬಳಸುವುದು ಎಸಳನ್ನಲ್ಲ. ಎಸಳು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ದಪ್ಪಗಾಗುವ ಹುಳಿಯಾದ ಪುಷ್ಪಪಾತ್ರೆಯನ್ನು ಒಣಗಿಸುತ್ತಾರೆ. ಪೊಟ್ಟಣದ ಮೇಲೆ ಎರಡಕ್ಕೂ ಹೈಬಿಸ್ಕಸ್ ಎಂದೇ ಬರೆಯುವುದರಿಂದ ಗೊಂದಲವಾಗುತ್ತದೆ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 65 ಜನರಿದ್ದರು. ಬಿಪಿ ತುಸು ಹೆಚ್ಚಿದ್ದರೂ ಮಾತ್ರೆ ನುಂಗದವರು. 6 ವಾರ ದಿನಕ್ಕೆ ಮೂರು ಸಲ 240 ಮಿ.ಲೀ. ಪುಂಡಿ ಟೀ ಕುಡಿದವರಲ್ಲಿ ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿಯಿತು. ಅದೇ ಬಣ್ಣ, ರುಚಿಯ ಬರೀ ಪಾನೀಯ ಕುಡಿದವರಲ್ಲಿ 1ರಷ್ಟು. ಲಾಭ ನಿಜ, ಆದರೆ 160 ಇರುವವರನ್ನು ಅದು 120ಕ್ಕೆ ತರುವುದಿಲ್ಲ. ಮಾತ್ರೆಯ ಜೊತೆ ಹೆಚ್ಚಾಗಿ ಕುಡಿದರೆ ಎದ್ದು ನಿಂತಾಗ ತಲೆ ಸುತ್ತಬಹುದು. ಹಾಗಾಗಿ ವೈದ್ಯರಿಗೆ ತಿಳಿಸಿ, ದಿನಕ್ಕೆ ಒಂದು ಲೋಟದಿಂದ ಶುರು ಮಾಡಿ, ವಾರಕ್ಕೆರಡು ಸಲ ಬಿಪಿ ನೋಡಿಕೊಳ್ಳಿ. ಗರ್ಭಿಣಿಯರಿಗೆ ಇದು ಬೇಡ.

ಒಂದು ಲೋಟಕ್ಕೆ ಒಣ ಪುಂಡಿ ಒಂದು ಚಿಕ್ಕ ಚಮಚ ಸಾಕು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಹಾಕಿ, ಮುಚ್ಚಿ, ಐದಾರು ನಿಮಿಷ ಬಿಟ್ಟು ಸೋಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಲೋಹವನ್ನು ಎಳೆದುಕೊಳ್ಳುತ್ತದೆ. ಹಾಲು ಹಾಕಿದರೆ ಒಡೆಯುತ್ತದೆ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ಟೀಗೂ ಎರಡು ಗಂಟೆ ಅಂತರ ಇಡಿ.

ಬೇಲಿ ದಾಸವಾಳವನ್ನು ರುಚಿಗೆ, ಬಣ್ಣಕ್ಕೆ ಕುಡಿಯಬಹುದು. ಒಂಟಿ ಸುತ್ತಿನ ಎರಡು ಹೂವಿನಿಂದ ನಡುವಿನ ಕುಸುಮದ ಕಡ್ಡಿ, ಹಸಿರು ತೊಟ್ಟು ಕಿತ್ತು, ಎಸಳನ್ನು ಮಾತ್ರ ಹಾಕಿ. ಆದರೆ ನಿಮ್ಮದು ಕಾಫಿ ತೋಟದ ಬೇಲಿ. ಮಳೆಗೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ ಗಾಳಿಗೆ ಬೇಲಿಗೂ ಬೀಳುತ್ತದೆ, ಕೀಟನಾಶಕವೂ ಹಾಗೆಯೇ. ಟೀಗೆಂದು ಒಂದು ಗಿಡವನ್ನು ಮನೆ ಹಿತ್ತಲಿನಲ್ಲಿ ಬೇರೆ ಬೆಳೆಸಿಕೊಳ್ಳುವುದೇ ಸರಿ. ಪೇಟೆಯ ಹೂವಂತೂ ಬೇಡವೇ ಬೇಡ: ಮುಡಿಯಲು, ಪೂಜೆಗೆ ಬೆಳೆದ ಗುಲಾಬಿಗೆ ಔಷಧಿ ಹೊಡೆಯುವಾಗ ಅದನ್ನು ಯಾರಾದರೂ ಕುಡಿದಾರು ಎಂಬ ಲೆಕ್ಕವೇ ಇರುವುದಿಲ್ಲ.

ಪ್ರಶ್ನೆ: ಒಣಗಿಸಿಟ್ಟ ಶಂಖಪುಷ್ಪ ತಿಂಗಳೊಳಗೆ ಬೂಸ್ಟು ಹಿಡಿಯಿತು. ಮೇಲಿನದು ತೆಗೆದು ಉಳಿದದ್ದು ಬಳಸಬಹುದೇ? (ಸಕಲೇಶಪುರ)

ಉತ್ತರ: ಇಡೀ ಡಬ್ಬಿಯನ್ನು ಚೆಲ್ಲಿ. ಬೂಸ್ಟಿನ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಹೂ ಒಣಗುವುದೇ ಇಲ್ಲ, ಎಸಳು ಒಣಗಿದಂತೆ ಕಂಡರೂ ತೊಟ್ಟಿನಲ್ಲಿ ತೇವ ಉಳಿದಿರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಒಣಗಿಸಿಕೊಳ್ಳಿ. ಹಸಿರು ತೊಟ್ಟು ಕಿತ್ತು, ತೆಳುಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಗಾಳಿಯಾಡುವ ನೆರಳಿನಲ್ಲಿಡಿ, ಬಿಸಿಲಿಗೆ ನೀಲಿ ಮಾಸುತ್ತದೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ನಂತರ ಗಾಜಿನ ಸೀಸೆಗೆ ಹಾಕಿ ಒಂದು ದಿನ ನೋಡಿ. ಒಳಗೋಡೆಗೆ ಮಂಜು ಕಟ್ಟಿದರೆ ಇನ್ನೂ ಒಣಗಬೇಕು.

ಲೋಟಕ್ಕೆ ಐದಾರು ಹೂ. ನಿಂಬೆರಸ ಬಿದ್ದರೆ ನೀಲಿ ನೇರಳೆಯಾಗುತ್ತದೆ, ಆಂಥೋಸಯಾನಿನ್ ಎಂಬ ಬಣ್ಣ ಹುಳಿಗೆ ಬದಲಾಗುವುದರಿಂದ. ಗಾಬರಿ ಬೇಡ.

ಪ್ರಶ್ನೆ: ರಾತ್ರಿ ನಿದ್ದೆಗೆಂದು ಮಲ್ಲಿಗೆ ಟೀ ಕುಡಿಯುತ್ತೇನೆ, ನಿದ್ದೆ ಇನ್ನೂ ಕೆಟ್ಟಿದೆ. (ಹಾಸನ)

ಉತ್ತರ: ಮಲ್ಲಿಗೆ ಟೀ ಎಂದು ಮಾರುವುದು ಸಾಮಾನ್ಯವಾಗಿ ಮಲ್ಲಿಗೆಯ ಪರಿಮಳ ಹಿಡಿಸಿದ ಗ್ರೀನ್ ಟೀ, ಅದರಲ್ಲಿ ನಿದ್ದೆಗೆಡಿಸುವ ಕೆಫೀನ್ ಇದೆ. ಸೇವಂತಿಗೆಯಂಥ ಪುಟ್ಟ ಬಿಳಿ ಹೂವಾದ ಕ್ಯಾಮೊಮೈಲ್‌ನ ಟೀಯಲ್ಲಿ ಅದು ಇಲ್ಲ, ಆದರೆ ನಿದ್ದೆ ತರಿಸುತ್ತದೆ ಎನ್ನಲು ಪುರಾವೆ ಗಟ್ಟಿಯಿಲ್ಲ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಸೋಕಿದರೆ ತುರಿಕೆ, ಸೀನು, ಉಬ್ಬಸ ಬರುವವರು ಕ್ಯಾಮೊಮೈಲ್, ಸೇವಂತಿಗೆ ಟೀಯಿಂದ ದೂರವಿರಿ. ಮೂರೂ ಒಂದೇ ಸಸ್ಯ ಕುಟುಂಬದವು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೂ ಕ್ಯಾಮೊಮೈಲ್ ಬೇಡ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ನಿತ್ಯಪುಷ್ಪದ ಹೂ ಕುದಿಸಿ ಕುಡಿಯಲು ಹೇಳುತ್ತಾರೆ. (ಕಡೂರು)

ಉತ್ತರ: ಕುಡಿಯಬೇಡಿ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಔಷಧಿಗಳು ಸಿಕ್ಕಿದ್ದು ಇದೇ ಗಿಡದಿಂದ. ಜೀವಕೋಶ ವಿಭಜನೆಯನ್ನೇ ತಡೆಯುವ ಅಂಥ ಅಂಶಗಳಿರುವ ಗಿಡದಿಂದ ಕಷಾಯಕ್ಕೆ ಎಷ್ಟು ಇಳಿಯುತ್ತದೆಂದು ಮನೆಯಲ್ಲಿ ಅಳೆಯಲಾಗದು. ಕಣಗಿಲೆ, ಉಮ್ಮತ್ತಿ, ಎಕ್ಕ ಇನ್ನೂ ಅಪಾಯ. ಕಣಗಿಲೆಯ ವಿಷ ಕುದಿಸಿದರೂ ಸಾಯುವುದಿಲ್ಲ, ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಯಾರಾದರೂ ಕುಡಿದು ವಾಂತಿ, ಮಂಜುಗಣ್ಣು, ನಾಡಿ ನಿಧಾನ ಕಂಡರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ಆ ಗಿಡದ ಒಂದು ರೆಂಬೆಯನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.