ಡಮ್ಮಿ ಡೇಟಾ ಇಟ್ಟುಕೊಂಡು ಚಾರ್ಟ್ ತೋರಿಸುವ ಆಪ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ಬೀದರ್‌ನಲ್ಲಿ ಬಿಸಿಎ ಕೊನೆಯ ವರ್ಷ, ಪ್ರಾಜೆಕ್ಟ್‌ಗೆ ಒಂದು ಆಪ್ ಮಾಡಬೇಕು, ನಿಜವಾದ ಡೇಟಾ ಕೈಯಲ್ಲಿಲ್ಲ, ಹಾಗಾಗಿ ಸುಮ್ನೆ ಒಂದಿಷ್ಟು ಅಂಕಿ ಹಾಕಿ ಚಾರ್ಟ್ ತೋರಿಸೋಣ ಅಂತಿದ್ದೀರಿ. ಯಾವ ಲೈಬ್ರರಿ (ಚಾರ್ಟ್ ಬರೆದುಕೊಡುವ ಸಿದ್ಧ ಕೋಡ್), ಯಾವ ಚಾರ್ಟ್, ಎಷ್ಟು ಚಾರ್ಟ್ ಅಂತ ಕೇಳಿದ್ದೀರಿ. ಮೂರಕ್ಕೂ ಉತ್ತರ ಕೊಡುತ್ತೇನೆ. ಆದರೆ ಆ ‘ಸುಮ್ನೆ ಒಂದಿಷ್ಟು’ ಅನ್ನೋ ಮಾತಿದೆಯಲ್ಲ, ಮೊದಲು ಅದರ ಬಗ್ಗೆ ಹೇಳಬೇಕು. ಇಂಥ ಆಪ್‌ಗಳು ಕೆಡುವುದು ಅಲ್ಲೇ.

ನಾನು ಕಲಬುರಗಿಯವನು. ಅಂಗಡಿ, ದಾಲ್ ಮಿಲ್, ಕೋಚಿಂಗ್ ಕ್ಲಾಸ್‌ಗಳಿಗೆ ಸಣ್ಣ ಸಣ್ಣ ಆಪ್ ಮಾಡಿಕೊಡುತ್ತೇನೆ. ಮೊಟ್ಟಮೊದಲು ಮಾಡಿದ್ದು ನಮ್ಮ ಕಾಕಾನ ಅಡತ್ ಅಂಗಡಿಗೆ, ಅಂದರೆ ರೈತರ ಮಾಲು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿಗೆ. ಅಂಗಡಿ ಇಲ್ಲಿನ ಧಾನ್ಯದ ಮಾರುಕಟ್ಟೆ ನೆಹರು ಗಂಜ್‌ನಲ್ಲಿದೆ. ದಿನದ ತೊಗರಿ ರೇಟು, ಎಷ್ಟು ಚೀಲ ಬಂತು, ಯಾವ ತಾಲೂಕಿನಿಂದ ಬಂತು, ಇಷ್ಟನ್ನು ಫೋನಿನಲ್ಲಿ ಚಾರ್ಟ್ ಆಗಿ ತೋರಿಸಬೇಕಿತ್ತು. ಕಾಕಾನ ವಹಿ ಕೈಗೆ ಸಿಗುವ ಮುಂಚೆ ನಾನೇ ಒಂದು ತಿಂಗಳ ಡಮ್ಮಿ ಲೆಕ್ಕ ಮಾಡಿಕೊಂಡೆ. 7,000ದಿಂದ ಶುರು, ದಿನಕ್ಕೆ ಇಪ್ಪತ್ತೋ ಮೂವತ್ತೋ ರೂಪಾಯಿ ಏರಿಕೆ. ಲೈನು ಎಷ್ಟು ಚೆಂದ ಬಂತು ಅಂದರೆ, ಅದನ್ನು ನೋಡುತ್ತಾ ಕೂತುಬಿಟ್ಟಿದ್ದೆ.

ಆಮೇಲೆ ನಿಜವಾದ ವಹಿ ಬಂತು. ಭಾನುವಾರದ ಸಾಲು ಖಾಲಿ. ಒಂದು ದಿನದ ಮನೆಯಲ್ಲಿ (ಚೌಕದಲ್ಲಿ) ಒಂದರ ಬದಲು ಎರಡು ರೇಟು, ಕಡಿಮೆಯದ್ದು ಮತ್ತು ಜಾಸ್ತಿಯದ್ದು, ನಡುವೆ ಒಂದು ಗೆರೆ. ಕೆಲವು ಸಾಲಿನಲ್ಲಿ ಕ್ವಿಂಟಲ್, ಕೆಲವು ಸಾಲಿನಲ್ಲಿ ಚೀಲ. ಒಂದು ಕಡೆ ‘ಚಿತ್ತಾಪುರ’, ಇನ್ನೊಂದು ಕಡೆ ‘ಚಿತಾಪುರ’. ನನ್ನ ಆಪ್ ಖಾಲಿ ಮನೆಯನ್ನು ಸೊನ್ನೆ ಅಂತ ಓದಿಕೊಂಡಿತು. ಪ್ರತಿ ಭಾನುವಾರ ಲೈನು ಬಾವಿಗೆ ಬಿದ್ದ ಹಾಗೆ ತಳಕ್ಕೆ ಹೋಗಿ ಸೋಮವಾರ ಮೇಲೆ ಬರುತ್ತಿತ್ತು. ಕಾಕಾ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಐತ್ವಾರ ಸೊನ್ನಿ ಯಾಕ್ ಬಂದದ ತಮ್ಮಾ? ಗಂಜ್ ಬಂದ್ ಇರೋದ್ ಬ್ಯಾರೆ, ರೇಟ್ ಸೊನ್ನಿ ಇರೋದ್ ಬ್ಯಾರೆ” ಅಂದರು.

ಪ್ರೋಗ್ರಾಮಿಂಗ್ ಕ್ಲಾಸಿನಲ್ಲಿ ‘ನಲ್’ (ಲೆಕ್ಕವೇ ಇಲ್ಲ) ಮತ್ತು ‘ಜೀರೋ’ (ಲೆಕ್ಕ ಇದೆ, ಅದು ಸೊನ್ನೆ) ಬೇರೆ ಬೇರೆ ಅಂತ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದು ಅರ್ಥವಾಗಿದ್ದು ಮಾತ್ರ ಆವತ್ತು, ಕಾಕಾನ ಗಾದಿಯ ಮೇಲೆ ಕೂತು.

ಅದಕ್ಕೇ ಹೇಳುವುದು, ಡಮ್ಮಿ ಡೇಟಾ ಮಾಡುವಾಗ ನಿಜದಲ್ಲಿರುವ ಒರಟುತನವನ್ನೆಲ್ಲ ಬೇಕು ಅಂತಲೇ ಅದರೊಳಗೆ ಹಾಕಿ. ಮೊದಲು ನೋಟ್‌ಬುಕ್‌ನಲ್ಲಿ ಕೈಯಲ್ಲೇ ಒಂದು ನಲವತ್ತು ಸಾಲು ಬರೆಯಿರಿ. ಮೂರು ನಾಲ್ಕು ಮನೆ ಖಾಲಿ ಬಿಡಿ. ಒಂದು ಅಂಕಿ ಉಳಿದವಕ್ಕಿಂತ ಹತ್ತು ಪಟ್ಟು ದೊಡ್ಡದಿರಲಿ, ಟೈಪ್ ಮಾಡುವಾಗ ಒಂದು ಸೊನ್ನೆ ಜಾಸ್ತಿ ಬಿದ್ದ ಹಾಗೆ. ‘ಬಸವಕಲ್ಯಾಣ’ದಂಥ ಉದ್ದದ ಹೆಸರು ಒಂದಾದರೂ ಇರಲಿ. ಯಾವುದಾದರೂ ಒಂದು ಗುಂಪಿಗೆ, ಅಂದರೆ ಒಂದು ಊರಿಗೋ ಬೆಳೆಗೋ, ಒಂದೇ ಸಾಲು ಇರಲಿ. ಒಂದೇ ಸಾಲು ಎರಡು ಸಲ ಬಂದಿರಲಿ. ಇದಲ್ಲದೆ ಇನ್ನೆರಡು ಫೈಲ್ ಮಾಡಿ: ಒಂದರಲ್ಲಿ ಒಂದೇ ಸಾಲು, ಇನ್ನೊಂದರಲ್ಲಿ ಏನೂ ಇಲ್ಲ, ಬರೀ ತಲೆಬರಹ. ಖಾಲಿ ಫೈಲ್ ಕೊಟ್ಟಾಗ ನಿಮ್ಮ ಆಪ್ ಬಿಳಿ ಪರದೆ ತೋರಿಸುತ್ತದೋ, ‘ಇನ್ನೂ ಲೆಕ್ಕ ಸೇರಿಸಿಲ್ಲ’ ಅಂತ ಹೇಳುತ್ತದೋ? ವೈವಾದಲ್ಲಿ ಇದನ್ನು ತೋರಿಸಿ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಇದು ಇರುವುದೇ ಇಲ್ಲ.

ಜಾಸ್ತಿ ಸಾಲು ಬೇಕಾದರೆ ಕೋಡ್ ಬರೆದು ಹುಟ್ಟಿಸಬಹುದು. ಆದರೆ ಸೀಡ್, ಅಂದರೆ ಅಂಕಿ ಹುಟ್ಟಿಸಲು ಶುರುವಿಗೆ ಕೊಡುವ ಒಂದು ಸಂಖ್ಯೆ, ಅದನ್ನು ಕೊಡುವುದನ್ನು ಮರೆಯಬೇಡಿ. ಪೈಥಾನ್‌ನಲ್ಲಿ ಸೀಡ್ ಕೊಟ್ಟರೆ ಪ್ರತಿ ಸಲವೂ ಅದೇ ಅಂಕಿ ಬರುತ್ತವೆ, ನಿನ್ನೆ ಕಂಡ ತಪ್ಪನ್ನು ಇವತ್ತೂ ಹಿಡಿಯಬಹುದು. ಜಾವಾಸ್ಕ್ರಿಪ್ಟ್‌ನ ಮ್ಯಾಥ್ ರ‍್ಯಾಂಡಮ್‌ಗೆ ಸೀಡ್ ಕೊಡಲು ಬರುವುದಿಲ್ಲ. ಅಲ್ಲಿ ಒಮ್ಮೆ ಹುಟ್ಟಿಸಿ ಫೈಲ್‌ನಲ್ಲಿ ಉಳಿಸಿಕೊಳ್ಳಿ.

ಸಿದ್ಧವಾಗಿರುವ ಟಾಯ್ ಡೇಟಾ (ಕಲಿಯಲು ಬಳಸುವ ಪುಟ್ಟ ಪಟ್ಟಿ) ಸಾಕು ಅನ್ನಿಸಿದರೆ ಐರಿಸ್ ಇದೆ. ಮೂರು ಜಾತಿಯ ಹೂವು, ಜಾತಿಗೆ 50ರಂತೆ 150 ಸಾಲು, ನಾಲ್ಕು ಅಳತೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ಬಳಸಿದ್ದು. ಎಲ್ಲರೂ ಅದನ್ನೇ ತೋರಿಸುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ಪುಟ್ಟ ಪಟ್ಟಿಗಳು. ಒಂದೊಂದರಲ್ಲಿ 11 ಜೋಡಿ ಅಂಕಿ. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈನ ಸರಾಸರಿ 7.5, ಎರಡರ ನಡುವಿನ ಕೋರಿಲೇಷನ್ (ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ) 0.816ರ ಹತ್ತಿರ. ಲೆಕ್ಕ ನೋಡಿದರೆ ನಾಲ್ಕೂ ಅವಳಿಗಳು. ಚುಕ್ಕೆ ಇಟ್ಟು ನೋಡಿದರೆ ಒಂದು ಗೆರೆಯ ಆಚೀಚೆ ಚದುರಿದೆ, ಇನ್ನೊಂದು ಬಿಲ್ಲಿನ ಹಾಗೆ ಬಾಗಿದೆ. ಮೂರನೆಯದು ನೇರ ಗೆರೆ, ಒಂದೇ ಚುಕ್ಕೆ ಮಾತ್ರ ಸಾಲು ಬಿಟ್ಟು ನಿಂತಿದೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕೆ ಒಂದರ ಮೇಲೊಂದು ಕಂಬದ ಹಾಗೆ ನಿಂತಿವೆ, ಒಂದು ದೂರ ಹೋಗಿ ಕೂತಿದೆ. ನಿಮ್ಮ ಆಪ್‌ನ ಮೊದಲ ಪರದೆಯಲ್ಲಿ ಈ ನಾಲ್ಕರ ಸರಾಸರಿಗಳನ್ನಷ್ಟೇ ತೋರಿಸಿ, ಒಂದು ಬಟನ್ ಒತ್ತಿದರೆ ಚಾರ್ಟ್ ಬರುವ ಹಾಗೆ ಮಾಡಿ. ಚಾರ್ಟ್ ಯಾಕೆ ಬೇಕು ಅಂತ ಯಾರಿಗೂ ಬಾಯಲ್ಲಿ ಹೇಳುವ ಅಗತ್ಯ ಬೀಳುವುದಿಲ್ಲ.

ಈಗ ಯಾವ ಚಾರ್ಟ್ ಅನ್ನುವುದು. ನೋಡುವವರು ಏನು ಕೇಳುತ್ತಾರೆ ಅನ್ನುವುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ‘ಯಾವುದು ಜಾಸ್ತಿ?’ ಅಂದರೆ ಬಾರ್. ‘ದಿನ ಕಳೆದ ಹಾಗೆ ಏನಾಯಿತು?’ ಅಂದರೆ ಲೈನ್. ‘ಇದು ಏರಿದರೆ ಅದೂ ಏರುತ್ತದಾ?’ ಅಂದರೆ ಚುಕ್ಕೆ ಚಾರ್ಟ್. ಪೈ ಚಾರ್ಟ್ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಸಾಧ್ಯವಾದರೆ ಬಿಡಿ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಅನ್ನುವವರು 1984ರಲ್ಲಿ ಜನರಿಗೆ ಚಾರ್ಟ್ ತೋರಿಸಿ ಪರೀಕ್ಷೆ ಮಾಡಿದ್ದರು. ಒಂದೇ ಗೆರೆಯ ಮೇಲೆ ನಿಂತ ಎತ್ತರಗಳನ್ನು ಹೋಲಿಸುವುದು ನಮ್ಮ ಕಣ್ಣಿಗೆ ಸುಲಭ, ಕೋನಗಳನ್ನು ಹೋಲಿಸುವುದು ಕಷ್ಟ ಅಂತ ಕಂಡುಬಂತು. ಪೈ ಅಂದರೆ ಕೋನಗಳೇ ಅಲ್ವಾ?

ಪೈ ತಪ್ಪಾಗುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ 70.51, ಕಲಬುರಗಿಯದು ಶೇ 64.85, ಯಾದಗಿರಿಯದು ಶೇ 51.83. ಶೇಕಡಾ ಅಂತ ಕಂಡ ತಕ್ಷಣ ಪೈಗೆ ಹಾಕಿದವರನ್ನು ನೋಡಿದ್ದೇನೆ. ಮೂರನ್ನೂ ಕೂಡಿಸಿದರೆ 187 ದಾಟುತ್ತದೆ. ಇವು ಒಂದೇ ರೊಟ್ಟಿಯ ತುಂಡುಗಳಲ್ಲ, ಮೂರು ಬೇರೆ ಬೇರೆ ರೊಟ್ಟಿ. ಮೂರು ಬಾರ್ ಸಾಕು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಹಿಂದೆ ತೆಳುವಾಗಿ ರಾಜ್ಯದ ಶೇ 75.36ರ ಗೆರೆ ಎಳೆದರೆ ಮೂರೂ ಅದರ ಕೆಳಗೇ ಇರುವುದು ಕಾಣುತ್ತದೆ. ಯಾದಗಿರಿ ಎಷ್ಟು ಹಿಂದೆ ಉಳಿದಿದೆ ಅನ್ನುವುದು ಆ ಒಂದು ಗೆರೆಯಿಂದ ಎದೆಗೆ ತಟ್ಟುತ್ತದೆ.

ಬಾರ್ ಚಾರ್ಟ್ ಅಂದಮೇಲೆ ಸೊನ್ನೆಯಿಂದಲೇ ಶುರುವಾಗಬೇಕು. ಇದರಲ್ಲಿ ರಿಯಾಯಿತಿ ಬೇಡ. ತೊಗರಿಯ ಬೆಂಬಲ ಬೆಲೆ 2023-24ಕ್ಕೆ ಕ್ವಿಂಟಲ್‌ಗೆ 7,000 ರೂಪಾಯಿ ಇತ್ತು, 2024-25ಕ್ಕೆ 7,550 ಆಯಿತು. ಏರಿಕೆ ಶೇ 8ರ ಒಳಗೆ. ಇದೇ ಎರಡು ಅಂಕಿಯನ್ನು 6,900ರಿಂದ ಶುರುವಾಗುವ ಬಾರ್‌ನಲ್ಲಿ ಹಾಕಿ ನೋಡಿ. ಒಂದರ ಎತ್ತರ 100, ಇನ್ನೊಂದರದು 650. ಬೆಲೆ ಆರೂವರೆ ಪಟ್ಟು ಆದ ಹಾಗೆ ಕಾಣುತ್ತದೆ. ಒಂದು ಅಂಕಿಯೂ ಸುಳ್ಳಲ್ಲ, ಚಿತ್ರ ಮಾತ್ರ ಸುಳ್ಳು. ಕೆಲವು ಲೈಬ್ರರಿಗಳು ತಾವಾಗಿಯೇ ಹೀಗೆ ಕತ್ತರಿಸಿ ತೋರಿಸುತ್ತವೆ. ಚಾರ್ಟ್.ಜೆಎಸ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸುವುದಾದರೆ ‘ಬಿಗಿನ್ ಅಟ್ ಜೀರೋ’ ಅನ್ನುವ ಸೆಟ್ಟಿಂಗ್ ಇದೆ, ಆನ್ ಮಾಡಿ. ಲೈನ್ ಚಾರ್ಟ್‌ಗೆ ಈ ಕಟ್ಟುನಿಟ್ಟು ಬೇಡ. ಅಲ್ಲಿ ಕಣ್ಣು ನೋಡುವುದು ಏರಿಳಿತವನ್ನು, ಎತ್ತರವನ್ನಲ್ಲ.

ಅದೇ ಚಾರ್ಟ್.ಜೆಎಸ್‌ನಲ್ಲಿ ಖಾಲಿ ದಿನಕ್ಕೆ ‘ನಲ್’ ಕೊಟ್ಟರೆ ಲೈನು ಅಲ್ಲಿ ತುಂಡಾಗುತ್ತದೆ. ತುಂಡಾದ ಲೈನು ಚೆಂದ ಕಾಣಲ್ಲ ಅಂತ ಜೋಡಿಸಲು ಹೋಗಬೇಡಿ. ಗಂಜ್ ಬಂದ್ ಇತ್ತು ಅಂತ ಹೇಳುವುದೇ ಆ ತುಂಡು.

ಕನ್ನಡದಲ್ಲಿ ಆಪ್ ಮಾಡುತ್ತೀರಾದರೆ ಇನ್ನಷ್ಟು ವಿಷಯ ಇದೆ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಜಾಗದಲ್ಲಿ ನಮ್ಮ ಒತ್ತಕ್ಷರ ಕೂರುವುದಿಲ್ಲ. ‘ಚಿತ್ತಾಪುರ’ದ ತ-ಒತ್ತು ಅರ್ಧ ಕತ್ತರಿಸಿ ಹೋಗಿರುತ್ತದೆ. ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಿ. ಊರಿನ ಹೆಸರುಗಳನ್ನು ಬಾರ್‌ಗಳ ಕೆಳಗೆ ಓರೆಯಾಗಿ ನಿಲ್ಲಿಸಬೇಡಿ, ಕತ್ತು ತಿರುಗಿಸಿ ಓದಬೇಕಾಗುತ್ತದೆ. ಬಾರ್‌ಗಳನ್ನೇ ಅಡ್ಡ ಮಲಗಿಸಿ, ಎಡಗಡೆ ಹೆಸರು ಬರೆಯಿರಿ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಆದರೆ ಫಾಂಟ್ ಲೋಡ್ ಆದ ಮೇಲೆಯೇ ಚಾರ್ಟ್ ಬರೆಸಿ. ಚಾರ್ಟ್.ಜೆಎಸ್ ಕ್ಯಾನ್ವಾಸ್ ಮೇಲೆ, ಅಂದರೆ ಅಕ್ಷರವನ್ನೂ ಚಿತ್ರವಾಗಿಯೇ, ಬರೆಯುವುದರಿಂದ, ಮೊದಲೇ ಬರೆದುಬಿಟ್ಟರೆ ಫಾಂಟ್ ಆಮೇಲೆ ಬಂದರೂ ಅಕ್ಷರ ತಾನಾಗಿ ಬದಲಾಗುವುದಿಲ್ಲ. ಅಂಕಿಗಳಿಗೆ ನಮ್ಮ ಲಕ್ಷದ ಅಲ್ಪವಿರಾಮ ಹಾಕಿ. ಕಲಬುರಗಿ ಜಿಲ್ಲೆಯ 2011ರ ಜನಸಂಖ್ಯೆ 25,66,326 ಅಂತ ಬರೆದರೆ ಕಾಕಾನಂಥವರು ಒಂದೇ ನೋಟಕ್ಕೆ ಓದುತ್ತಾರೆ. 2,566,326 ಅಂತ ಬರೆದರೆ ಬೆರಳಿಟ್ಟು ಎಣಿಸುತ್ತಾರೆ. ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಯನ್ನು) ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಬದಲು ವಿಚಿತ್ರ ಗುರುತುಗಳು ಬಂದರೆ ಗಾಬರಿಯಾಗಬೇಡಿ, ಯುಟಿಎಫ್-8 ಬಿಒಎಂ (ಫೈಲ್ ಯುನಿಕೋಡ್‌ನಲ್ಲಿದೆ ಅಂತ ಎಕ್ಸೆಲ್‌ಗೆ ತಿಳಿಸುವ ಗುರುತು) ಜೊತೆ ಉಳಿಸಿದರೆ ಸರಿಹೋಗುತ್ತದೆ.

ಬಣ್ಣ ಎರಡು ಮೂರಕ್ಕೆ ನಿಲ್ಲಿಸಿ. ಕೆಂಪು-ಹಸಿರು ಜೋಡಿ ಬೇಡ, ಕೆಲವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ತಿಳಿ ಬೂದು ಗೆರೆಗಳೂ ಬೇಡ. ಲ್ಯಾಪ್‌ಟಾಪ್‌ನಲ್ಲಿ ಅವು ಬಹಳ ಸೊಗಸು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ, ಗಂಜ್‌ನ ಅಂಗಳದಲ್ಲಿ ನಿಂತು ಫೋನ್ ನೋಡುವವರಿಗೆ ಅವು ಕಾಣುವುದೇ ಇಲ್ಲ.

ಇನ್ನೊಂದು ಸಂಗತಿ ಇದೆ, ನನಗೆ ಎಲ್ಲಕ್ಕಿಂತ ದೊಡ್ಡದು. ವಹಿ ಬರುವುದಕ್ಕೂ ಮುಂಚಿನ ದಿನ, ಆ ಡಮ್ಮಿ ಲೈನನ್ನು ಕಾಕಾಗೆ ತೋರಿಸುತ್ತಿದ್ದೆ. ಆಳಂದ ಕಡೆಯ ಒಬ್ಬ ಅಜ್ಜ ತೊಗರಿ ಚೀಲ ಇಳಿಸಿ, ಲಿಲಾವಿಗೆ (ಹರಾಜಿಗೆ) ಕಾಯುತ್ತಾ ಅಲ್ಲೇ ಕೂತಿದ್ದರು. ಬಗ್ಗಿ ನೋಡಿದರು. ಓದು ಬಾರದಿದ್ದರೂ ಮೇಲಕ್ಕೆ ಹೋಗುವ ಗೆರೆ ಅವರಿಗೆ ಅರ್ಥವಾಯಿತು. “ದಿನಾ ಏರ್ಲಕತ್ತದಲ್ಲ. ಹಂಗಾದ್ರ ನಾ ಇವತ್ತ ಯಾಕ್ ಮಾರ್ಲಿ? ಒಂದ್ ವಾರ ತಡೀತೀನಿ” ಅಂದರು. ಎದ್ದು ಚೀಲಗಳ ಕಡೆ ಹೊರಟೇಬಿಟ್ಟರು. ನಾನು ಹಿಂದೆ ಓಡಿಹೋಗಿ, “ಅಜ್ಜಾ, ಇದು ಖರೇ ರೇಟ್ ಅಲ್ಲ, ನಾನೇ ಬರೆದಿದ್ದು” ಅಂತ ಹೇಳಿ ನಂಬಿಸುವಷ್ಟರಲ್ಲಿ ಸಾಕಾಯಿತು. “ನೀನೇ ಬರ್ದಿದ್ರ ಫೋನ್‌ನಾಗ ಹ್ಯಾಂಗ್ ಬಂತು?” ಅಂತ ಕೇಳಿದರು.

ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಚಾರ್ಟ್ ಅಂದರೆ ಜನ ನಂಬುತ್ತಾರೆ. ಆವತ್ತಿನಿಂದ ನನ್ನ ಪ್ರತಿ ಡಮ್ಮಿ ಚಾರ್ಟ್‌ನ ಮೇಲೆ ‘ಮಾದರಿ ಲೆಕ್ಕ, ನಿಜವಲ್ಲ’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಆಪ್‌ನ ತಲೆಯ ಮೇಲೆ ಇದ್ದರೆ ಸಾಲದು, ಚಾರ್ಟ್‌ನ ಚಿತ್ರದೊಳಗೇ ಇರಬೇಕು. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಆ ಮಾತೂ ಜೊತೆಗೆ ಹೋಗಬೇಕು. ಡಮ್ಮಿಯಲ್ಲಿ ಈಗ ತೊಗರಿ ಅಂತ ಬರೆಯುವುದಿಲ್ಲ, ‘ಬೆಳೆ 1’, ‘ಬೆಳೆ 2’ ಅಂತ ಬರೆಯುತ್ತೇನೆ. ಇವತ್ತಿನ ತಾರೀಖನ್ನೂ ಹಾಕುವುದಿಲ್ಲ. ಓದು ಬಾರದವರಿಗಾಗಿ ಗೆರೆಯನ್ನೇ ಚುಕ್ಕೆ ಚುಕ್ಕೆಯಾಗಿ ಬರೆಸಿ, ‘ಹೀಗೆ ಇದ್ದರೆ ಸುಳ್ಳು ಲೆಕ್ಕ’ ಅಂತ ಬಾಯಲ್ಲಿ ಹೇಳಿಕೊಡುತ್ತೇನೆ. ನೀವು ಆಸ್ಪತ್ರೆ, ಮಳೆ, ಬೆಲೆ, ಪರೀಕ್ಷೆಯ ಅಂಕ ಇಂಥ ವಿಷಯ ಆರಿಸಿಕೊಂಡಿದ್ದರೆ ದಯವಿಟ್ಟು ಇದನ್ನು ಬಿಡಬೇಡಿ.

ಲೈಬ್ರರಿ ವಿಷಯ ಬೇಗ ಮುಗಿಸುತ್ತೇನೆ. ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಚಾರ್ಟ್.ಜೆಎಸ್, ಫ್ಲಟರ್ ಕಲಿತಿದ್ದರೆ ಎಫ್ಎಲ್ ಚಾರ್ಟ್, ಪೈಥಾನ್ ಮಾತ್ರ ಬಂದರೆ ಸ್ಟ್ರೀಮ್‌ಲಿಟ್. ಡಿ3 ಅನ್ನುವ ಇನ್ನೊಂದು ಜಾವಾಸ್ಕ್ರಿಪ್ಟ್ ಲೈಬ್ರರಿ ಬಹಳ ಶಕ್ತಿಯುಳ್ಳದ್ದು, ಆದರೆ ಒಂದು ಸೆಮಿಸ್ಟರ್‌ನಲ್ಲಿ ಕಲಿತು ಪ್ರಾಜೆಕ್ಟ್ ಮುಗಿಸುವುದು ಕಷ್ಟ. ಯಾವುದೇ ಇರಲಿ, ಡೇಟಾ ಓದುವುದು, ಸ್ವಚ್ಛ ಮಾಡುವುದು, ಚಿತ್ರ ಬರೆಯುವುದು, ಈ ಮೂರನ್ನು ಬೇರೆ ಬೇರೆ ಫೈಲ್‌ನಲ್ಲಿಡಿ. ನಾಳೆ ನಿಜವಾದ ಡೇಟಾ ಸಿಕ್ಕರೆ ಮೊದಲನೆಯದನ್ನು ಬದಲಾಯಿಸಿದರೆ ಸಾಕು. ‘ಚಿತಾಪುರ’ವನ್ನು ‘ಚಿತ್ತಾಪುರ’ ಮಾಡುವ ಕೆಲಸ ಎರಡನೆಯದಕ್ಕೆ ಸೇರಿದ್ದು.

ಎಷ್ಟು ಚಾರ್ಟ್ ಅಂತ ಕೇಳಿದ್ದೀರಿ. ಮೂರು ಸಾಕು, ಒಂದು ಪರದೆಗೆ ಒಂದೇ. ಪ್ರತಿ ಚಾರ್ಟ್‌ನ ಮೇಲೆ ತಲೆಬರಹದ ಬದಲು ಅದು ಉತ್ತರಿಸುವ ಪ್ರಶ್ನೆಯನ್ನೇ ಬರೆಯಿರಿ: ‘ಯಾವ ವಾರ ಚೀಲ ಜಾಸ್ತಿ ಬಂದವು?’ ಮಾಡಿದ ಮೇಲೆ ಮನೆಯಲ್ಲಿ ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕೂತುಕೊಳ್ಳಿ. ಅವರ ಬೆರಳು ಎಲ್ಲಿ ತಡವರಿಸಿತು ಅಂತ ಬರೆದುಕೊಳ್ಳಿ. ನಿಮ್ಮ ನಲವತ್ತು ಸಾಲಿನ ಪಟ್ಟಿ ತಯಾರಾದ ಮೇಲೆ ಕಾಲಮ್‌ಗಳ ಹೆಸರನ್ನು ಇಲ್ಲೇ ಕೆಳಗೆ ಹಾಕಿ, ಯಾವುದಕ್ಕೆ ಯಾವ ಚಾರ್ಟ್ ಹೊಂದುತ್ತದೆ ಅಂತ ಕೂತು ನೋಡೋಣ.