ಅವಳು ಎರಡು ಸಲ ಫೋನ್ ಮಾಡಿದ್ದಳು

ಈ ವಾರ ಬಂದ ಒಂದು ಪತ್ರ ಮನಸ್ಸನ್ನು ಬಹಳ ಕಲಕಿತು. ಬರೆದವರು ಗಾಂಧಿಬಜಾರಿನ ಹತ್ತಿರ ಇರುವ 41 ವರ್ಷದ ಗೃಹಿಣಿ. ಒಳ್ಳೆಯ ಮಾತು ಎಲ್ಲಿ ಕಂಡರೂ ನೋಟ್‌ಬುಕ್ಕಿಗೆ ಬರೆದುಕೊಳ್ಳುವ ಅಭ್ಯಾಸ. ಆರು ಪುಸ್ತಕ ತುಂಬಿವೆ. ಮೂರು ತಿಂಗಳ ಹಿಂದೆ ಹನುಮಂತನಗರದಲ್ಲಿರುವ ಬಾಲ್ಯದ ಗೆಳತಿಯ ತಂದೆ ತೀರಿಕೊಂಡರು. ಇವರು ಡಿವಿಜಿಯವರ 'ಮಂಕುತಿಮ್ಮನ ಕಗ್ಗ'ದ ಒಂದು ಸಾಲನ್ನು ದೀಪದ ಚಿತ್ರದ ಮೇಲೆ ಹಾಕಿ ವಾಟ್ಸಾಪ್ ಮಾಡಿದರು: 'ಕಲ್ಲಾಗು ಕಷ್ಟಗಳ ಮಳೆಯ ವಿಧಿ ಸುರಿಯೆ.' ಅಲ್ಲಿಂದ ಗೆಳತಿ ಮಾತು ಬಿಟ್ಟಿದ್ದಾಳೆ. 'ಅವಳ ಮನಸ್ಸು ಕರಗುವಂಥ ಮಾತೊಂದನ್ನು ನೀವೇ ಆರಿಸಿ ಕೊಡಿ, ಕಳಿಸುತ್ತೇನೆ' ಎಂದು ಕೇಳಿದ್ದಾರೆ.

ಕೊಡುವುದಿಲ್ಲ, ತಾಯಿ.

ನಿಮ್ಮ ಪತ್ರದ ಕೊನೆಯಲ್ಲಿ, ನಮಸ್ಕಾರಕ್ಕೆ ಸ್ವಲ್ಪ ಮೊದಲು, ಒಂದು ಸಾಲಿದೆ. 'ಆ ವಾರ ಅವಳ ಎರಡು ಮಿಸ್ಡ್ ಕಾಲ್ ಇತ್ತು. ಏನು ಹೇಳಬೇಕೋ ತೋಚದೆ ಸುಮ್ನಿದ್ದೆ.' ಅಪ್ಪ ಹೋದ ವಾರ. ಮನೆ ತುಂಬ ನೆಂಟರು. ಅದರ ಮಧ್ಯೆ ಅವಳು ನಿಮ್ಮ ನಂಬರ್ ಒತ್ತಿದ್ದಾಳೆ. ಎತ್ತಲಿಲ್ಲ ಅಂತ ಮತ್ತೊಮ್ಮೆ ಒತ್ತಿದ್ದಾಳೆ. ನೀವು ಏನಾದರೂ ಹೇಳಲಿ ಅಂತಲ್ಲ, ಅವಳಿಗೆ ಹೇಳಿಕೊಳ್ಳಬೇಕಿತ್ತು. ಎಂದೂ ಕಾಣದವರ ಮಾತಿಗೆ ಆರು ಪುಸ್ತಕ ಕೊಟ್ಟ ನೀವು ಅವಳ ಮಾತಿಗೆ ಹತ್ತು ನಿಮಿಷ ಕೊಡಲಿಲ್ಲ.

ನನಗೆ ಜಾಸ್ತಿ ಸಿಟ್ಟಿರುವುದು ನಿಮ್ಮ ಯಜಮಾನರ ಮೇಲೆ. 'ಹೋಗಿ ಯಾಕೆ ತೊಂದರೆ ಕೊಡ್ತೀಯ, ಒಂದು ಒಳ್ಳೆ ಮೆಸೇಜ್ ಹಾಕು ಸಾಕು' ಎಂದರಂತೆ. ಸಾವಿನ ಮನೆಗೆ ಹೋಗುವುದು ತೊಂದರೆ ಎಂದು ಅವರಿಗೆ ಯಾರು ಹೇಳಿಕೊಟ್ಟರು? ನೀವು ಹೊರಟು ನಿಂತಿದ್ದಿರಿ. ತಡೆದವರು ಅವರು.

ನಿಮ್ಮ ನೋಟ್‌ಬುಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಕೈ ಹಿಡಿದು ನಡೆಸುವ ಸಾಲುಗಳು ಇರುತ್ತವೆ, ನನಗೂ ಇವೆ. ಆದರೆ ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಪದ್ಯವನ್ನು ಕತ್ತರಿಸಬೇಡಿ, ಪೂರ್ತಿ ಓದಿ. 1943ರಲ್ಲಿ ಬಂದ ಕಗ್ಗದಲ್ಲಿ 945 ಪದ್ಯಗಳಿವೆ. ಒಂದೊಂದೂ ನಾಲ್ಕೇ ಸಾಲು. ನೀವು ಕಳಿಸಿದ್ದು ಎರಡನೆಯದು. ಮುಂದಿನದು ಹೀಗಿದೆ: 'ಬೆಲ್ಲ ಸಕ್ಕರೆಯಾಗು ದೀನ ದುರ್ಬಲರಿಂಗೆ.' ಅದರ ಮುಂದಿನದು 'ಎಲ್ಲರೊಳಗೊಂದಾಗು.' ಕಲ್ಲಾಗು ಅಂತ ಅವಳಿಗೆ ಹೇಳಿದಿರಿ. ಬೆಲ್ಲವಾಗು ಅಂತ ನಿಮಗೆ ಹೇಳಿದ ಸಾಲು ಪುಸ್ತಕದಲ್ಲೇ ಉಳಿಯಿತು. ಡಿವಿಜಿ ಚಿಕ್ಕ ವಯಸ್ಸಿನಲ್ಲೇ ಹೆಂಡತಿಯನ್ನು ಕಳೆದುಕೊಂಡವರು. ಕಷ್ಟಗಳ ಮಳೆ ಎಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಕಲ್ಲಾಗು ಎಂದು ಅಲ್ಲಿಗೇ ನಿಲ್ಲಿಸಲಿಲ್ಲ.

ಇನ್ನೊಂದು ವಿಷಯ. 'ಅವರಪ್ಪ ನನಗೂ ಗಣಿತ ಹೇಳಿಕೊಟ್ಟಿದ್ದರು' ಎಂದು ಬರೆದಿದ್ದೀರಿ. ಜಗುಲಿಯ ಮೇಲೆ ಕೂರಿಸಿಕೊಂಡು ಭಿನ್ನರಾಶಿ ಕಲಿಸಿದ ಆ ಮನುಷ್ಯ ನಿಮಗೆ ಏನೇನೋ ಹೇಳಿರುತ್ತಾರೆ ಅಲ್ವಾ? ಆರು ಪುಸ್ತಕ ತಿರುವಿ ನೋಡಿ. ಅವರ ಒಂದು ಮಾತಾದರೂ ಅದರಲ್ಲಿದೆಯಾ?

ಮಾಡಬೇಕಾದ್ದು ಇಷ್ಟೇ. ಈ ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋಗಿ. ಮೊದಲೇ ಮೆಸೇಜ್ ಹಾಕಬೇಡಿ. ನಡೆದೇ ಹೋಗಿ, ಬುಲ್ ಟೆಂಪಲ್ ರಸ್ತೆ ದಾಟಿದರೆ ಹನುಮಂತನಗರ ದೂರವಿಲ್ಲ. ಬೇಕಾದರೆ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಡಿವಿಜಿ ಪ್ರತಿಮೆಯ ಹತ್ತಿರ ಐದು ನಿಮಿಷ ಕೂತು ಧೈರ್ಯ ತಂದುಕೊಳ್ಳಿ. ಯಜಮಾನರು ಮನೆಯಲ್ಲೇ ಇರಲಿ. ಅವಳು ಬಾಗಿಲು ತೆಗೆದಾಗ 'ನೀನು ಫೋನ್ ಮಾಡಿದಾಗ ಎತ್ತಲಿಲ್ಲ, ತಪ್ಪಾಯ್ತು ಕಣೇ' ಎನ್ನಿ. ಆಮೇಲೆ ಅಪ್ಪನ ಬಗ್ಗೆ ಕೇಳಿ. ಅವಳು ಬೈದರೆ ಬೈಯಲಿ, ಅತ್ತರೆ ಅಳಲಿ, ನಡುವೆ ಬಾಯಿ ಹಾಕಬೇಡಿ. ಏಳನೇ ನೋಟ್‌ಬುಕ್ ಕೊಳ್ಳುವುದಿದ್ದರೆ ವಾಪಸ್ ಬರುವಾಗ ಗಾಂಧಿಬಜಾರಿನಲ್ಲಿ ಕೊಳ್ಳಿ. ಮೊದಲನೇ ಪುಟಕ್ಕೆ ಆ ಗಣಿತದ ಮೇಷ್ಟ್ರ ಮಾತು ಬರಲಿ.