ಓದುಗರ ಪ್ರಶ್ನೆ: ಸಣ್ಣ ವ್ಯಾಪಾರಕ್ಕೆ ಯಾವ ಶಾಪಿಂಗ್ ಕಾರ್ಟ್?

ಪ್ರಶ್ನೆ: ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ತಯಾರಿಸಿ ಮುಂಬಯಿಯ ಕನ್ನಡಿಗರಿಗೆ ವಾಟ್ಸ್‌ಆ್ಯಪ್ ಮೂಲಕ ಮಾರುತ್ತಿದ್ದೇನೆ. ಸ್ವಂತ ಜಾಲತಾಣಕ್ಕೆ ಶಾಪಿಂಗ್ ಕಾರ್ಟ್ (ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶ) ಆಗಿ ಶಾಪಿಫೈ ಸೂಕ್ತವೋ, ವೂಕಾಮರ್ಸೋ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಂತ್ರಜ್ಞಾನ ಬಲ್ಲವರ ನೆರವು ಕೈಗೆಟಕುವಂತಿಲ್ಲದಿದ್ದರೆ ಶಾಪಿಫೈಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಜೋಡಿಸುವ ವೂಕಾಮರ್ಸ್ ಉಚಿತವೆಂಬುದು ನಿಜವಾದರೂ ಹೋಸ್ಟಿಂಗ್ (ಜಾಲತಾಣಕ್ಕೆ ಸರ್ವರ್‌ನಲ್ಲಿ ಜಾಗ), ಬ್ಯಾಕಪ್, ಆಗಾಗ ಮಾಡಲೇಬೇಕಾದ ಅಪ್‌ಡೇಟ್ ಮತ್ತು ಸುರಕ್ಷತೆಯ ಹೊಣೆಯೆಲ್ಲ ನಿಮ್ಮ ಮೇಲೆಯೇ ಬೀಳುತ್ತದೆ. ಶಾಪಿಫೈ ತಿಂಗಳ ಬಾಡಿಗೆ ಪಡೆದು ಆ ಭಾರದ ಬಹುಪಾಲನ್ನು ತಾನೇ ಹೊರುತ್ತದೆ. ಯುಪಿಐ, ಕಾರ್ಡ್ ಪಾವತಿಗೆ ಎರಡರಲ್ಲೂ ಪೇಮೆಂಟ್ ಗೇಟ್‌ವೇ (ಗ್ರಾಹಕರ ಹಣವನ್ನು ನಿಮ್ಮ ಖಾತೆಗೆ ತಲುಪಿಸುವ ಸೇವೆ) ಬೇಕು. ಗೇಟ್‌ವೇಯ ಶುಲ್ಕದ ಜೊತೆಗೆ ಶಾಪಿಫೈ ತನ್ನದೇ ವಹಿವಾಟು ಶುಲ್ಕವನ್ನೂ ವಿಧಿಸುವುದರಿಂದ, ಪೊಟ್ಟಣದ ಬೆಲೆ ನಿಗದಿಪಡಿಸುವ ಮೊದಲೇ ಇವನ್ನು ಲೆಕ್ಕಕ್ಕೆ ಹಿಡಿಯಿರಿ.

ಕಾರ್ಟ್‌ಗಿಂತ ಮುಖ್ಯವಾದ ವಿಷಯವೊಂದಿದೆ. ಮಹಾರಾಷ್ಟ್ರದೊಳಗಿನ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ವಹಿವಾಟಿನ ಮಿತಿಯನ್ನು ಅವಲಂಬಿಸಿದೆ; ಆದರೆ ತೆರಿಗೆಗೆ ಒಳಪಡುವ ಪುಡಿಯನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟವಾಗುವುದರಿಂದ, ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಬೇಕಾಗುತ್ತದೆ. ಆದ್ದರಿಂದ ನೋಂದಣಿಯಾಗುವವರೆಗೆ ಕಾರ್ಟ್‌ನ ಶಿಪ್ಪಿಂಗ್ ವಿಭಾಗದಲ್ಲಿ ಮಹಾರಾಷ್ಟ್ರವನ್ನಷ್ಟೇ ಆಯ್ಕೆ ಮಾಡಿಡಿ. ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯಂತೂ ಕಡ್ಡಾಯ. ಅದರ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಿ, ಜಾಲತಾಣದಲ್ಲಿಯೂ ಕಾಣುವಂತೆ ಹಾಕಿ.